ಪೊರೆಯ ಪ್ರಯೋಗ ಕೈಕೊಟ್ಟಾಗ: ಅಭಿಸರಣೆ ಮತ್ತು ವಿಸರಣೆಯ ದೋಷ ನಿವಾರಣೆ ಕೈಪಿಡಿ

ಅಣುಗಳು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಡುವುದು ವಿಸರಣೆ; ಪೊರೆಯನ್ನು ದಾಟಿ ನೀರು ಸಾಂದ್ರ ದ್ರಾವಣದ ಕಡೆಗೆ ಸಾಗುವುದು ಅಭಿಸರಣೆ. ಜೀವಕೋಶದ ಪೊರೆಯನ್ನು ದಾಟಿ ನೀರು, ಸಕ್ಕರೆ, ಲವಣಗಳು ಹೇಗೆ ಸಾಗುತ್ತವೆ ಎಂಬುದನ್ನು ತೋರಿಸುವ ಪ್ರಯೋಗ ಕೈಕೊಟ್ಟರೆ, ಮುಂಬಯಿಯ ಶಾಲೆ ಮತ್ತು ಜೂನಿಯರ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಮೊದಲ ದೂರು ಬೀಳುವುದು ನಳ್ಳಿ ನೀರಿನ ಮೇಲೆ. ಮಳೆಗಾಲದಲ್ಲಿ ನೀರು ಕದಡಿ ಬಂದ ದಿನವಂತೂ ಬೇರೆ ಕಾರಣವನ್ನು ಯಾರೂ ಹುಡುಕುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಆರೋಪ ನಿಲ್ಲುವುದಿಲ್ಲ. ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತುಗಳಿಗೆ ಭಾರತೀಯ ಮಾನಕವು ಲೀಟರಿಗೆ 500 ಮಿಲಿಗ್ರಾಂ ಎಂಬ ಅಪೇಕ್ಷಿತ ಮಿತಿಯನ್ನು ಇಟ್ಟಿದೆ. ಅದೆಲ್ಲವೂ ಅಡುಗೆ ಉಪ್ಪೇ ಎಂದು ಹಿಡಿದರೂ ಅದರಿಂದಾಗುವ ಸಾರತೆ (ಸಾಂದ್ರತೆ) ಲೀಟರಿಗೆ ಸುಮಾರು 17 ಮಿಲಿಆಸ್ಮೋಲ್ ಮಾತ್ರ; ಕರಗಿರುವ ಕಣಗಳ ಸಂಖ್ಯೆಯನ್ನು ಹೇಳುವ ಅಳತೆ ಇದು. ಬಟಾಟೆಯ ಜೀವಕೋಶದೊಳಗಿನ ರಸದ್ದಾದರೋ 300ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳಿಂದ ಬರುವ ಸಿಹಿನೀರು ಪ್ರಯೋಗವನ್ನು ಕೆಡಿಸಲಾರದು. ಅನುಮಾನಿಸಬೇಕಾದದ್ದು ಕಡಲಂಚಿನ ಬೋರ್‌ವೆಲ್ಲಿನ ಅಥವಾ ಅಲ್ಲಿಂದ ಟ್ಯಾಂಕರಿನಲ್ಲಿ ಬಂದ ಸವುಳು ನೀರನ್ನು. ಲೀಟರಿಗೆ 3,000 ಮಿಲಿಗ್ರಾಂ ಉಪ್ಪಿದ್ದರೆ ಸಾರತೆ 100 ಮಿಲಿಆಸ್ಮೋಲಿನಷ್ಟಾಗುತ್ತದೆ, ಅಳತೆಯ ಪ್ರಯೋಗದಲ್ಲಿ ಅದು ಎದ್ದು ಕಾಣುತ್ತದೆ.

ದೋಷ ಹುಡುಕುವುದಕ್ಕೆ ಒಂದು ಕ್ರಮವಿರಬೇಕು. ಮೊದಲು ಎಲ್ಲಾದರೂ ಸೋರಿಕೆಯಿದೆಯೇ ಎಂದು ನೋಡಬೇಕು. ಬಳಿಕ ದ್ರಾವಣದಲ್ಲಿ ನಾವು ಅಂದುಕೊಂಡ ವಸ್ತು ಅಂದುಕೊಂಡಷ್ಟೇ ಇದೆಯೇ ಎಂದು ಪರೀಕ್ಷಿಸಬೇಕು. ಅನಂತರ ಪೊರೆ ಜೀವಂತವಿದೆಯೇ ಎಂದು ವಿಚಾರಿಸಬೇಕು. ಕೊನೆಗೆ, ಆ ವಸ್ತು ಆ ಪೊರೆಯನ್ನು ದಾಟಬಲ್ಲದೇ, ದಾಟಲು ಎಷ್ಟು ಹೊತ್ತು ಬೇಕು ಎಂದು ಕೇಳಿಕೊಳ್ಳಬೇಕು. ಮೊದಲ ಮೂರನ್ನು ಹೆಚ್ಚಿನ ಶಿಕ್ಷಕರು ಒಂದಲ್ಲ ಒಂದು ರೀತಿಯಲ್ಲಿ ಮಾಡುತ್ತಾರೆ. ನಾಲ್ಕನೆಯದನ್ನು ಕೇಳುವವರು ಕಡಿಮೆ, ಮತ್ತು ನನ್ನ ಅಭಿಪ್ರಾಯದಲ್ಲಿ ಬಗೆಹರಿಯದೆ ಉಳಿಯುವ ತೊಂದರೆಗಳಲ್ಲಿ ಬಹುಪಾಲು ಅಲ್ಲೇ ಇರುತ್ತವೆ.

ಕೋಶಪೊರೆಯು ಎರಡು ಪದರದ ಲಿಪಿಡ್ ಹಾಳೆ. ದಪ್ಪ 7ರಿಂದ 8 ನ್ಯಾನೊಮೀಟರ್. ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂಥ ಸಣ್ಣ ಅಣುಗಳು ಅದರೊಳಗೆ ಕರಗಿ ತಾವಾಗಿಯೇ ಹಾದುಹೋಗುತ್ತವೆ. ಗ್ಲುಕೋಸ್‌ಗೆ ವಾಹಕ ಪ್ರೋಟೀನು ಬೇಕು. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿಗೆ ಕಾಲುವೆಯೋ ಪಂಪೋ ಬೇಕು. ನೀರು ಲಿಪಿಡ್ ಪದರವನ್ನು ಸ್ವಲ್ಪ ಮಟ್ಟಿಗೆ ನೇರವಾಗಿಯೂ ದಾಟಬಲ್ಲದು, ಆದರೆ ವೇಗವಾಗಿ ದಾಟುವುದು ಅಕ್ವಾಪೊರಿನ್ ಎಂಬ ಪ್ರೋಟೀನಿನ ಮೂಲಕ. ಇದನ್ನು ಗುರುತಿಸಿದ ಪೀಟರ್ ಆಗ್ರೆಯವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ. ನಮ್ಮ ಪ್ರಯೋಗಗಳಲ್ಲಿ ಬಳಕೆಯಾಗುವ 'ಪೊರೆ'ಗಳಲ್ಲಿ ಬಟಾಟೆ, ರಿಯೋ ಎಂಬ ಅಲಂಕಾರಿಕ ಗಿಡದ ಎಲೆ, ಬೀಟ್‌ರೂಟ್ ಮತ್ತು ಯೀಸ್ಟಿನದ್ದು ಈ ಬಗೆಯದು. ಡಯಾಲಿಸಿಸ್ ಕೊಳವೆಯಾಗಲಿ, ವಿನೆಗರಿನಲ್ಲಿ ಚಿಪ್ಪು ಕರಗಿಸಿದ ಮೊಟ್ಟೆಯ ಪೊರೆಯಾಗಲಿ ಕೋಶಪೊರೆಯೇ ಅಲ್ಲ. ಒಂದು ಸೆಲ್ಯುಲೋಸಿನ ಹಾಳೆ, ಇನ್ನೊಂದು ಪ್ರೋಟೀನ್ ಎಳೆಗಳ ಹೆಣಿಗೆ. ಈ ವ್ಯತ್ಯಾಸವನ್ನು ಮರೆತಲ್ಲಿ ಫಲಿತಾಂಶ ತಪ್ಪಾಗಿ ಕಾಣುತ್ತದೆ, ಪ್ರಯೋಗ ಸರಿಯಾಗಿಯೇ ನಡೆದಿದ್ದರೂ ಸಹ.

ಬಟಾಟೆಯ ಕುಳಿಯಲ್ಲಿ ದ್ರಾವಣ ಏರದಿದ್ದರೆ

ಸಿಪ್ಪೆ ಸುಲಿದು, ತಳವನ್ನು ಸಮತಟ್ಟಾಗಿ ಕೊಯ್ದು, ನಡುವೆ ಕುಳಿ ತೋಡಿ, ಅದರೊಳಗೆ ಅರ್ಧದಷ್ಟು ಸಕ್ಕರೆ ದ್ರಾವಣ ಹಾಕಿ, ಮಟ್ಟವನ್ನು ಗುಂಡುಸೂಜಿಯಿಂದ ಗುರುತಿಸಿ, ನೀರಿರುವ ಪೆಟ್ರಿ ಬಟ್ಟಲಿನಲ್ಲಿ ನಿಲ್ಲಿಸುವುದು ಪರಿಚಿತ ವಿಧಾನ. ಒಂದೆರಡು ಗಂಟೆಯಲ್ಲಿ ಮಟ್ಟ ಸೂಜಿಗಿಂತ ಮೇಲೇರಬೇಕು.

ಏರದಿದ್ದರೆ ಮೊದಲು ನೋಡಬೇಕಾದದ್ದು ಸಿಪ್ಪೆಯನ್ನು. ಬಟಾಟೆಯ ಸಿಪ್ಪೆಯ ಕೋಶಗಳ ಭಿತ್ತಿಯಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ತುಂಬಿರುವುದರಿಂದ ನೀರು ಒಳಬರುವುದು ಕಷ್ಟ. ನೀರಿನಲ್ಲಿ ಮುಳುಗುವ ಭಾಗದಲ್ಲಿ ಬೆರಳಗಲದ ಸಿಪ್ಪೆ ಉಳಿದರೂ ಪ್ರಯೋಗ ನಿಧಾನವಾಗುತ್ತದೆ. ಎರಡನೆಯದು ತಳದ ದಪ್ಪ. ಅಣುಗಳು ವಿಸರಣೆಯಿಂದ ಸಾಗಲು ತೆಗೆದುಕೊಳ್ಳುವ ಸಮಯವು ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ: ನೀರಿನಲ್ಲಿ ಸುಕ್ರೋಸ್ ಅಣು 1 ಮಿಲಿಮೀಟರ್ ಸರಿಯಲು ಸುಮಾರು 17 ನಿಮಿಷ ಬೇಕಾದರೆ, 1 ಸೆಂಟಿಮೀಟರ್ ಸರಿಯಲು ಸುಮಾರು 28 ಗಂಟೆ ಬೇಕು. ಬಟಾಟೆಯೊಳಗೆ ನೀರು ಬರುವುದು ಬರಿಯ ವಿಸರಣೆಯಿಂದಲ್ಲ, ಆದ್ದರಿಂದ ಈ ಅಂಕಿಗಳನ್ನು ಅಲ್ಲಿಗೆ ನೇರವಾಗಿ ಹೊಂದಿಸಬಾರದು. ಆದರೂ ತಳವನ್ನು ಅರ್ಧ ಸೆಂಟಿಮೀಟರಿನೊಳಗೆ ತೆಳುವಾಗಿ ಉಳಿಸಬೇಕು ಎಂದು ಒತ್ತಿ ಹೇಳುವುದರ ಹಿಂದಿನ ತರ್ಕ ಇದೇ.

ಮಟ್ಟ ಏರುವ ಬದಲು ಇಳಿದರೆ ಬಿರುಕನ್ನು ಸಂಶಯಿಸಬೇಕು. ಇನ್ನೊಂದು ಬಟಾಟೆ ತೋಡುವ ಮೊದಲು ಇದ್ದದ್ದನ್ನೇ ಒಣಗಿಸಿ, ಕುಳಿಗೆ ಬರೀ ನೀರು ಹಾಕಿ, ಬ್ಲಾಟಿಂಗ್ ಪೇಪರಿನ ಮೇಲೆ ಹತ್ತು ನಿಮಿಷ ಇಡಬೇಕು. ಬಿರುಕಿದ್ದರೆ ಕಾಗದದ ಮೇಲೆ ಚುಕ್ಕೆಯಂಥ ಒದ್ದೆ ಮೂಡಿ, ಅಲ್ಲಿಂದ ಹರಡುತ್ತದೆ. ಕೊಯ್ದ ಮೈಯ ಸಹಜ ತೇವವಾದರೆ ತಳದ ಆಕಾರದಷ್ಟೇ ಮಸುಕಾದ ಗುರುತು ಬೀಳುತ್ತದೆ. ಸೂಜಿಯನ್ನು ತೀರಾ ಆಳಕ್ಕೆ ಚುಚ್ಚಿ ಹೊರಗೋಡೆಯನ್ನೇ ದಾಟಿಸಿದಾಗಲೂ ಸೋರಿಕೆಯಾಗುವುದುಂಟು. ಒಣಗಿದ ಬಟಾಟೆಯಲ್ಲಿ ಅದು ಕಾಣುವುದಿಲ್ಲ, ಸಕ್ಕರೆ ದ್ರಾವಣ ತುಂಬಿದ ಮೇಲೆ ಸೂಜಿಯ ಬುಡದಲ್ಲಿ ಅಂಟಂಟಾದ ಹನಿ ಕೂರುತ್ತದೆ.

ಸೋರಿಕೆಯಿಲ್ಲ, ಆದರೂ ಇಳಿದಿದೆ ಎಂದಾದರೆ ತಲೆಯ ಮೇಲಿನ ಫ್ಯಾನನ್ನು ನೋಡಬೇಕು. ಏಪ್ರಿಲ್‌ನ ಮಧ್ಯಾಹ್ನ ಪೂರ್ಣ ವೇಗದಲ್ಲಿ ತಿರುಗುವ ಫ್ಯಾನಿನ ಕೆಳಗೆ ತೆರೆದ ಕುಳಿಯ ನೀರು ಆವಿಯಾಗುವುದು ಅಭಿಸರಣೆಯಿಂದ ಬರುವ ನೀರಿಗೆ ಸರಿಸಮನಾಗಬಹುದು. ಕುಳಿಯ ಮೇಲೆ ಗಾಜಿನ ತುಂಡೊಂದನ್ನು ಮುಚ್ಚಿದರೆ ಸಾಕು.

ಹಿಂದಿನ ಸಂಜೆ ಏರಿದ್ದ ಮಟ್ಟ ಮರುದಿನ ಬೆಳಿಗ್ಗೆ ಇಳಿದಿರುವುದು ಬೇರೆಯದೇ ಪ್ರಕರಣ. ಬಟಾಟೆಯ ಅಂಗಾಂಶವು ಒಂದೇ ಪೊರೆಯಲ್ಲ. ಕೋಶಗಳ ನಡುವಿನ ಭಿತ್ತಿಯ ದಾರಿಯಲ್ಲಿ ಸಕ್ಕರೆ ನಿಧಾನವಾಗಿ ಹೊರಗೆ ಸರಿಯುತ್ತಲೇ ಇರುತ್ತದೆ. ಇದರ ಜೊತೆಗೆ ಮುಂಬಯಿಯ ಸೆಕೆ ಮತ್ತು ತೇವದಲ್ಲಿ ಕೊಯ್ದ ಬಟಾಟೆಗೆ ರಾತ್ರಿ ಕಳೆಯುವುದರೊಳಗೆ ಬ್ಯಾಕ್ಟೀರಿಯಾ ಹತ್ತಿ ಮೆತ್ತಗಾಗುತ್ತದೆ, ವಾಸನೆಯೂ ಬರುತ್ತದೆ. ಕೊಳೆತ ಅಂಗಾಂಶದಲ್ಲಿ ಪೊರೆಯೇ ಉಳಿದಿಲ್ಲದ ಮೇಲೆ ಅಭಿಸರಣೆಯ ಮಾತೆಲ್ಲಿ? ಇಂಥ ಅಳತೆಯನ್ನು ಪ್ರಯೋಗದ ದಾಖಲೆ ಪುಸ್ತಕವಾದ ಜರ್ನಲ್‌ನಲ್ಲಿ ಬರೆಯಲೇಬೇಕೆಂದಿದ್ದರೆ ಸಮಯದೊಂದಿಗೆ ಬರೆದು, ಅಂಗಾಂಶದ ಸ್ಥಿತಿಯನ್ನೂ ಪಕ್ಕದಲ್ಲಿ ನಮೂದಿಸಬೇಕು.

ತದ್ವಿರುದ್ಧವಾದ ಒಂದು ದೋಷ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅಲ್ಲಿ ಫಲಿತಾಂಶ 'ಸರಿಯಾಗಿ' ಬಂದಿರುತ್ತದೆ. ಬಟ್ಟಲಿನಲ್ಲಿ ನೀರು ಹಾಕದೆಯೇ ಇಟ್ಟರೂ ಕುಳಿಯ ಮಟ್ಟ ಸ್ವಲ್ಪ ಏರುತ್ತದೆ. ಸಕ್ಕರೆ ದ್ರಾವಣವು ಪಕ್ಕದ ಬಟಾಟೆಯ ಕೋಶಗಳಿಂದಲೇ ನೀರನ್ನು ಎಳೆದುಕೊಂಡಿರುತ್ತದೆ. ಕುಳಿಯ ಅಂಚನ್ನು ಬೆರಳಿನಿಂದ ಒತ್ತಿದರೆ ಅದು ಬಾಗುವುದರಿಂದ ಇದು ಗೊತ್ತಾಗುತ್ತದೆ. ಆದ್ದರಿಂದ 'ಹೊರಗಿನ ನೀರು ಒಳಬಂದಿತು' ಎಂದು ತೀರ್ಮಾನಿಸಬೇಕಾದರೆ ಮೂರು ಬಟಾಟೆ ಬೇಕು: ನೀರಿನಲ್ಲಿಟ್ಟದ್ದು, ಒಣ ಬಟ್ಟಲಿನಲ್ಲಿಟ್ಟದ್ದು, ಮತ್ತು ಬೇಯಿಸಿ ಪೊರೆ ಹಾಳುಮಾಡಿದ್ದು. ಪಠ್ಯಗಳಲ್ಲಿ ಬೇಯಿಸಿದ್ದು ಮಾತ್ರ ಸಾಮಾನ್ಯವಾಗಿ ಇರುತ್ತದೆ, ಒಣ ಬಟ್ಟಲು ಇರುವುದಿಲ್ಲ.

ಪಟ್ಟಿಗಳಾಗಿ ಕೊಯ್ದು, ಬೇರೆ ಬೇರೆ ಸಾರತೆಯ ದ್ರಾವಣಗಳಲ್ಲಿಟ್ಟು ತೂಕದ ವ್ಯತ್ಯಾಸ ಅಳೆಯುವ ಪ್ರಯೋಗದಲ್ಲಿ ಕಳೆದ ವರ್ಷದ ಅಂಕಿಗೂ ಈ ವರ್ಷದ ಅಂಕಿಗೂ ತಾಳೆಯಾಗದಿದ್ದರೆ ಬಟಾಟೆ ಎಲ್ಲಿಂದ ಬಂತು ಎಂದು ವಿಚಾರಿಸಬೇಕು. ವಾಶಿಯ ಕಾಂದಾ-ಬಟಾಟಾ ಮಾರುಕಟ್ಟೆಯಿಂದ ನಮ್ಮ ಅಂಗಡಿಗಳಿಗೆ ಬರುವ ಮಾಲಿನಲ್ಲಿ ಹೊಸ ಬೆಳೆಯದ್ದೂ ಇರುತ್ತದೆ, ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇದ್ದದ್ದೂ ಇರುತ್ತದೆ. ಹೆಚ್ಚು ತಂಪಿನಲ್ಲಿಟ್ಟ ಬಟಾಟೆಯಲ್ಲಿ ಪಿಷ್ಟದ ಒಂದಂಶ ಸಕ್ಕರೆಯಾಗಿ ಮಾರ್ಪಡುವುದರಿಂದ ಕೋಶರಸದ ಸಾರತೆ ಹೆಚ್ಚುತ್ತದೆ, ಪಟ್ಟಿಯ ತೂಕ ಬದಲಾಗದೆ ಉಳಿಯುವ ಬಿಂದುವೂ ಹೆಚ್ಚಿನ ಮೋಲಾರ್ (ಹೆಚ್ಚು ಸಾಂದ್ರ) ದ್ರಾವಣದ ಕಡೆಗೆ ಸರಿಯುತ್ತದೆ. ಅದು ದೋಷವಲ್ಲ, ನಿಜವಾದ ಅಳತೆ. ಒಂದೇ ಗುಂಪಿನ ಮಕ್ಕಳಿಗೆ ಒಂದೇ ರಾಶಿಯ ಬಟಾಟೆ ಕೊಟ್ಟರೆ ಜಗಳ ಇರುವುದಿಲ್ಲ.

ರಿಯೋ ಎಲೆಯಲ್ಲಿ ಜೀವದ್ರವ್ಯ ಸಂಕೋಚನ ಕಾಣದಿದ್ದರೆ

ಮುಂಬಯಿಯ ಸೊಸೈಟಿಗಳ ಕುಂಡಗಳಲ್ಲಿ ಧಾರಾಳವಾಗಿ ಸಿಗುವ ಈ ಗಿಡದ ಎಲೆಯ ಕೆಳಮೈ ನೇರಳೆ ಬಣ್ಣದ್ದು. ಆ ಬಣ್ಣ ಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯಲ್ಲಿರುವ ವರ್ಣದ್ರವ್ಯ ಆಂಥೋಸಯನಿನ್‌ನದ್ದು. ಹೊರಗಿನ ದ್ರಾವಣ ಸಾಂದ್ರವಾಗಿದ್ದರೆ ನೀರು ಹೊರಹೋಗಿ, ಬಣ್ಣದ ಮುದ್ದೆ ಕೋಶಭಿತ್ತಿಯಿಂದ ಮೊದಲು ಮೂಲೆಗಳಲ್ಲಿ ಬಿಡಿಸಿಕೊಳ್ಳುತ್ತದೆ, ಅಲ್ಲಲ್ಲಿ ಇನ್ನೂ ಅಂಟಿಕೊಂಡಿರುವುದರಿಂದ ಅದರ ಅಂಚು ಒಳಕ್ಕೆ ಬಾಗಿರುತ್ತದೆ, ಕೆಲವು ನಿಮಿಷಗಳ ಬಳಿಕ ಪೂರ್ತಿ ಬಿಟ್ಟುಕೊಂಡು ಹೊರಕ್ಕೆ ಉಬ್ಬಿದ ದುಂಡು ಮುದ್ದೆಯಾಗುತ್ತದೆ. ವಿದ್ಯಾರ್ಥಿಗಳು ಸ್ಲೈಡ್ ಇಟ್ಟ ಕೂಡಲೇ ನೋಡಿ 'ಆಗಲಿಲ್ಲ' ಎನ್ನುವುದು ಈ ಮೊದಲ ಹಂತದಲ್ಲಿ. ಹತ್ತು ಹದಿನೈದು ನಿಮಿಷ ಕಾಯಿಸಬೇಕು.

ಕಾದರೂ ಆಗದಿದ್ದರೆ ಸಿಪ್ಪೆಯ ದಪ್ಪವನ್ನು ನೋಡಬೇಕು. ಎಲೆಯನ್ನು ಓರೆಯಾಗಿ ಹರಿದಾಗ ಅಂಚಿನಲ್ಲಿ ಉಳಿಯುವ ತೆಳುವಾದ ನೇರಳೆ ಪದರವಷ್ಟೇ ಬೇಕು. ಅದರೊಂದಿಗೆ ಹಸಿರು ಅಂಗಾಂಶವೂ ಬಂದರೆ ದ್ರಾವಣ ಸುತ್ತಲಿಂದ ಸರಿಯಾಗಿ ತಲುಪುವುದಿಲ್ಲ. ಮೇಲಾಗಿ ಎಲೆಯ ಹೊರಮೈಗೆ ಮೇಣದ ಲೇಪ ಇರುವುದರಿಂದ ದ್ರಾವಣ ಒಳಹೋಗುವುದು ಹರಿದ ಮೈಯ ಕಡೆಯಿಂದ. ಆ ಮೈ ಗಾಜಿಗೆ ಅಂಟಿ ಕೂತರೆ ತಡವಾಗುತ್ತದೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಬಣ್ಣದ ಪದರ ನಡೆಯುತ್ತದೆ.

ಬಣ್ಣವೇ ಮಾಯವಾಗಿ ದ್ರಾವಣ ಗುಲಾಬಿಯಾದರೆ ಅದು ಸಂಕೋಚನವಲ್ಲ, ಸಾವು. ಇದಕ್ಕೆ ಸಾಮಾನ್ಯ ಕಾರಣ 'ಶೇಕಡಾ'ವಾರು ಲೆಕ್ಕದ ಗೊಂದಲ. ಶೇ. 20ರ ಸಕ್ಕರೆ ಎಂದರೆ ಸುಮಾರು 0.58 ಮೋಲಾರ್, ಪ್ರಯೋಗಕ್ಕೆ ತಕ್ಕುದೇ ಆಗಿದೆ. ಸಕ್ಕರೆ ಮುಗಿದಿದೆಯೆಂದು ಅದೇ ಶೇ. 20ರಷ್ಟು ಉಪ್ಪು ಕರಗಿಸಿದರೆ ಅದು 3.4 ಮೋಲಾರ್ ಆಗುತ್ತದೆ. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುವುದರಿಂದ ಅದರ ಬಲ ಸಕ್ಕರೆಯ ದ್ರಾವಣದ ಸುಮಾರು ಹನ್ನೆರಡು ಪಟ್ಟು. ಉಪ್ಪೇ ಬಳಸುವುದಾದರೆ ಶೇ. 3ರ ಆಸುಪಾಸು ಸಾಕು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರು ಹೀರಿ ಮುದ್ದೆಯಾಗಿರುತ್ತದೆ, ತೂಕದಲ್ಲಿ ನೀರೂ ಸೇರಿರುತ್ತದೆ; ಬಾಣಲೆಯಲ್ಲಿ ಬಿಸಿಮಾಡಿ ಒಣಗಿಸಿ ತೂಗುವುದು ಒಳ್ಳೆಯದು.

ಕೋಶ ಸತ್ತಿದೆಯೋ ಬದುಕಿದೆಯೋ ಎಂದು ನಿರ್ಧರಿಸಲು ಸುಲಭ ದಾರಿ ಒಂದಿದೆ. ಕವರ್‌ಸ್ಲಿಪ್ಪಿನ ಒಂದು ಬದಿಗೆ ನೀರಿನ ಹನಿ ಹಾಕಿ, ಇನ್ನೊಂದು ಬದಿಯಿಂದ ಬ್ಲಾಟಿಂಗ್ ಪೇಪರಿನಿಂದ ಎಳೆಯಬೇಕು. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವಂತೆಯೇ ನೇರಳೆ ಮುದ್ದೆ ಹಿಗ್ಗಿ, ಭಿತ್ತಿಯವರೆಗೆ ತುಂಬಿಕೊಂಡರೆ ಪೊರೆ ಜೀವಂತವಾಗಿದೆ. ಕೆಲವೊಮ್ಮೆ ನೀರು ವೇಗವಾಗಿ ನುಗ್ಗಿ ಒಂದೊಂದು ಕೋಶ ಕಣ್ಣೆದುರೇ ಒಡೆದು, ಬಣ್ಣ ಹೊಗೆಯಂತೆ ಹರಡಿಹೋಗುವುದನ್ನೂ ಕಾಣಬಹುದು. ಹಾಗಾದರೆ ನೀರಿನ ಬದಲು ಮೊದಲು ಅರ್ಧ ಸಾರತೆಯ ದ್ರಾವಣ ಹಾಕಿ ನಿಧಾನಿಸಬೇಕು.

ಇಲ್ಲಿ ನಾಲ್ಕನೆಯ ಪ್ರಶ್ನೆಯ ಒಳ್ಳೆಯ ಉದಾಹರಣೆ ಸಿಗುತ್ತದೆ. ಸಕ್ಕರೆಯ ಬದಲು ಗ್ಲಿಸರಾಲ್ ಬಳಸಿದಾಗ ಕೋಶ ಮೊದಲು ಸಂಕುಚಿಸಿ, ನೀರು ಹಾಕದಿದ್ದರೂ ಕ್ರಮೇಣ ತಾನಾಗಿಯೇ ಮೊದಲಿನಂತಾಗುತ್ತದೆ. ದ್ರಾವಣ ಕೆಟ್ಟಿದೆಯೆಂದು ಚೆಲ್ಲುವುದು ಸಹಜ. ಆದರೆ ನೀರು ಬೇಗ ಹೊರಹೋಗುತ್ತದೆ, ಗ್ಲಿಸರಾಲ್ ನಿಧಾನವಾಗಿ ಪೊರೆ ದಾಟಿ ಒಳಬರುತ್ತದೆ. ಅದು ಒಳಬಂದಷ್ಟೂ ನೀರು ಅದರ ಹಿಂದೆ ಮರಳುತ್ತದೆ. ಯೂರಿಯಾದಿಂದಲೂ ಇದೇ ಆಗುತ್ತದೆ. ಮರಳಲು ಹಿಡಿಯುವ ಹೊತ್ತನ್ನು ಗುರುತಿಸಿಕೊಂಡರೆ ಯಾವ ವಸ್ತು ಎಷ್ಟು ಬೇಗ ಪೊರೆ ದಾಟುತ್ತದೆ ಎಂಬ ಅಳತೆಯೇ ಸಿಗುತ್ತದೆ, ಪಠ್ಯದ ಪ್ರಯೋಗಕ್ಕಿಂತ ನನಗೆ ಇದೇ ಹೆಚ್ಚು ಸ್ವಾರಸ್ಯಕರ.

ಡಯಾಲಿಸಿಸ್ ಕೊಳವೆಯಲ್ಲಿ ಬಣ್ಣ ತಪ್ಪಾಗಿ ಬಂದರೆ

ಚೀಲದೊಳಗೆ ಪಿಷ್ಟ ಮತ್ತು ಗ್ಲುಕೋಸ್, ಹೊರಗೆ ಬೀಕರಿನಲ್ಲಿ ಅಯೋಡಿನ್. ಈ ಕೊಳವೆ ಸಾಮಾನ್ಯವಾಗಿ 12,000ದಿಂದ 14,000 ಡಾಲ್ಟನ್‌ವರೆಗಿನ ಅಣುಗಳನ್ನು ಬಿಡುವ ಜರಡಿ (ಡಾಲ್ಟನ್ ಎಂದರೆ ಅಣುತೂಕದ ಅಳತೆ). 180 ಡಾಲ್ಟನ್‌ನ ಗ್ಲುಕೋಸ್, ಅದರಂತೆಯೇ ಸಣ್ಣದಾದ ಅಯೋಡಿನ್ ಎರಡೂ ಹಾಯಾಗಿ ದಾಟುತ್ತವೆ, ಪಿಷ್ಟ ದಾಟದು. ಚೀಲ ನೀಲಿಯಾಗಬೇಕು, ಬೀಕರ್ ಹಳದಿಯಾಗಿಯೇ ಉಳಿಯಬೇಕು, ಹೊರಗಿನ ನೀರು ಬೆನೆಡಿಕ್ಟ್ ಪರೀಕ್ಷೆಯಲ್ಲಿ ಗ್ಲುಕೋಸ್ ತೋರಿಸಬೇಕು.

ಬೀಕರ್ ನೀಲಿಯಾದರೆ ಗಂಟು ಸೋರಿದೆ, ಇಲ್ಲವೇ ತುಂಬುವಾಗ ಚೀಲದ ಹೊರಮೈಗೆ ಪಿಷ್ಟ ತಗಲಿದೆ. ಗಂಟಿನಿಂದ ನೀಲಿ ಎಳೆ ಇಳಿಯುತ್ತಿದ್ದರೆ ಸೋರಿಕೆ; ಮೊದಲ ನಿಮಿಷದಲ್ಲೇ ನೀಲಿಯಾಗಿ ಮತ್ತೆ ಹೆಚ್ಚದಿದ್ದರೆ ತೊಳೆಯದ ಚೀಲ. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

ಎಲ್ಲಿಯೂ ನೀಲಿ ಬಾರದಿರುವುದು ಸ್ವಲ್ಪ ನಿಧಾನವಾಗಿ ಯೋಚಿಸಬೇಕಾದ ದೋಷ. ಆಗ ಬೀಕರಿನ ಹಳದಿ ಉಳಿದಿದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಇಡೀ ರೋಗನಿರ್ಣಯ ಇದರ ಮೇಲೆ ನಿಂತಿದೆ. ಹಳದಿ ಹಾಗೆಯೇ ಇದ್ದು ಚೀಲ ಬಿಳಿಯಾಗಿದ್ದರೆ ತೊಂದರೆ ಪಿಷ್ಟದ್ದು: ಹಳೆಯ ಪಿಷ್ಟದ ಗಂಜಿಯನ್ನು ಬ್ಯಾಕ್ಟೀರಿಯಾಗಳು ಒಡೆದಿರಬಹುದು ಅಥವಾ ದ್ರಾವಣ ಇನ್ನೂ ಬಿಸಿಯಾಗಿರಬಹುದು, ಬಿಸಿಯಲ್ಲಿ ಆ ನೀಲಿ ಕಾಣಿಸಿಕೊಳ್ಳುವುದೇ ಇಲ್ಲ. ಬದಲಾಗಿ ಬೀಕರಿನ ಹಳದಿಯೇ ಮಾಸಿ ನೀರಿನಂತಾಗಿದ್ದರೆ ಅಯೋಡಿನ್ ಬೇರೇನೊಂದಿಗೋ ವರ್ತಿಸಿ ಮುಗಿದಿದೆ. 'ಕೊಳವೆ ಅಯೋಡಿನ್ನನ್ನು ತಡೆಯಿತು' ಎಂದು ಜರ್ನಲ್‌ನಲ್ಲಿ ಬರೆಯುವವರು ಈ ಒಂದು ಸಂಗತಿಯನ್ನು ಗಮನಿಸಿರುವುದಿಲ್ಲ. ತಡೆದಿದ್ದರೆ ಹೊರಗಿನ ಹಳದಿ ಅಲ್ಲಿಯೇ ಇರಬೇಕಿತ್ತಲ್ಲ. ನಮ್ಮಲ್ಲಿ ಇದರ ಮುಖ್ಯ ಕಾರಣ ಅಂಗಡಿಯ ಗ್ಲುಕೋಸ್ ಪುಡಿ. ಬಾಯಾರಿಕೆಗೆ ಕುಡಿಯಲು ಮಾರುವ ಇಂಥ ಪುಡಿಗಳಲ್ಲಿ ಕೆಲವಕ್ಕೆ ಸಿ ಜೀವಸತ್ವ ಬೆರೆಸಿರುತ್ತಾರೆ. 176 ಡಾಲ್ಟನ್‌ನ ಆ ಅಣು ಗ್ಲುಕೋಸ್‌ನ ಜೊತೆಯಲ್ಲೇ ಕೊಳವೆ ದಾಟಿ, ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಮಾಡಿಬಿಡುತ್ತದೆ. ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನು ಓದಿದರೆ ತಿಳಿಯುತ್ತದೆ. ವಾಷಿಂಗ್ ಸೋಡಾದಲ್ಲಿ ತೊಳೆದು ಸರಿಯಾಗಿ ಜಾಲಿಸದ ಬೀಕರ್ ಕೂಡ ಇದನ್ನೇ ಮಾಡುತ್ತದೆ, ಕ್ಷಾರದಲ್ಲಿ ಅಯೋಡಿನ್ನಿನ ಬಣ್ಣ ನಿಲ್ಲುವುದಿಲ್ಲ. ಅಯೋಡಿನ್ನೇ ಹಳತಾಗಿ ಸತ್ವ ಕಳೆದುಕೊಂಡಿದೆಯೇ ಎಂಬ ಅನುಮಾನಕ್ಕೆ ಊಟದ ಡಬ್ಬಿಯಿಂದ ತೆಗೆದಿಟ್ಟ ಒಂದು ಅನ್ನದ ಅಗುಳಿನ ಮೇಲೆ ಹನಿ ಹಾಕಿ ನೋಡುವುದೇ ಪರಿಹಾರ.

ಬೆನೆಡಿಕ್ಟ್ ಪರೀಕ್ಷೆಯಲ್ಲಿ ಇಟ್ಟಿಗೆ ಕೆಂಪು ಬಾರದಿದ್ದರೆ, ಗ್ಲುಕೋಸ್ ಬದಲು ಅಡುಗೆ ಸಕ್ಕರೆ ಹಾಕಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸುಕ್ರೋಸ್ ಈ ಪರೀಕ್ಷೆಗೆ ಸ್ಪಂದಿಸುವುದಿಲ್ಲ. ಹಿಟ್ಟಿನಂತೆ ನುಣ್ಣಗೆ ಮಾರುವ ಐಸಿಂಗ್ ಸಕ್ಕರೆಯಲ್ಲಂತೂ ಗಂಟುಕಟ್ಟದಿರಲೆಂದು ಜೋಳದ ಪಿಷ್ಟ ಬೆರೆಸಿರುವುದುಂಟು, ಅದರಿಂದ ಬೇಡದ ಕಡೆ ನೀಲಿ ಬರುತ್ತದೆ. ಗ್ಲುಕೋಸ್ ಮೋಲಾರ್ ಲೆಕ್ಕ ತಪ್ಪುತ್ತಿದ್ದರೆ ಬಾಟಲಿಯ ಮೇಲೆ ಮೊನೊಹೈಡ್ರೇಟ್ ಎಂದಿದೆಯೇ ನೋಡಬೇಕು: ಅದರ ಅಣುತೂಕ 180 ಅಲ್ಲ, 198.

ಇದೇ ಕೊಳವೆಯನ್ನು ಗಾಜಿನ ನಳಿಕೆಗೆ ಕಟ್ಟಿ ಸಕ್ಕರೆ ಪಾಕ ತುಂಬಿಸಿ ಅಭಿಸರಣೆ ತೋರಿಸುವಾಗ ಮಟ್ಟ ಚೆನ್ನಾಗಿ ಏರಿ, ಆಮೇಲೆ ನಿಂತು, ಕೊನೆಗೆ ಇಳಿಯುತ್ತದೆ. ಗಂಟನ್ನು ಎಷ್ಟು ಬಿಗಿದರೂ ಇದು ತಪ್ಪದು. 342 ಡಾಲ್ಟನ್‌ನ ಸುಕ್ರೋಸ್ ಈ ಜರಡಿಯನ್ನು ದಾಟುತ್ತದೆ, ನೀರಿಗಿಂತ ನಿಧಾನವಾಗಿ ಅಷ್ಟೇ. ಜೀವಂತ ಕೋಶಪೊರೆಯಾದರೆ ಅದನ್ನು ಬಹುಮಟ್ಟಿಗೆ ತಡೆಯುತ್ತಿತ್ತು. ಕೊಳವೆಯನ್ನು ಕೋಶದ ಮಾದರಿಯೆಂದು ಕಲಿಸುವಾಗ ಈ ಇಳಿತವನ್ನು ಮರೆಮಾಚದೆ ತೋರಿಸುವುದು ಒಳ್ಳೆಯದೆಂದು ನನ್ನ ಎಣಿಕೆ.

ಬೀಟ್‌ರೂಟ್ ಮತ್ತು ಯೀಸ್ಟ್

ಬೀಟ್‌ರೂಟಿನ ತುಂಡುಗಳಿಂದ ತಣ್ಣೀರಿನಲ್ಲೂ ಕೆಂಪು ಬಣ್ಣ ಇಳಿಯುತ್ತಿದೆ ಎಂಬ ದೂರಿಗೆ ಕಾರಣ ಕತ್ತಿ. ಕೊಯ್ದ ಮೈಯ ಕೋಶಗಳು ಸೀಳಿಹೋಗಿ ಅವುಗಳ ಬೀಟಾಲೈನ್ ಬಣ್ಣ ಹೊರಬಂದಿರುತ್ತದೆ. ನೀರು ತಿಳಿಯಾಗುವವರೆಗೆ ತೊಳೆದೇ ಬಿಸಿ ನೀರಿನ ಕೊಳವೆಗಳಿಗೆ ಹಾಕಬೇಕು. ಆಮೇಲೆ 50ರಿಂದ 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಪೊರೆ ಕೆಟ್ಟು ಬಣ್ಣ ಒಮ್ಮೆಲೆ ಹೆಚ್ಚುತ್ತದೆ.

ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ನೋಡುವ ಯೀಸ್ಟ್ ಪ್ರಯೋಗದಲ್ಲಿ ಬದುಕಿದ ಕೋಶ ಬಣ್ಣವಿಲ್ಲದೆ, ಸತ್ತದ್ದು ನೀಲಿಯಾಗಿ ಕಾಣಬೇಕು. ಎಲ್ಲವೂ ನೀಲಿಯಾಗಿದ್ದರೆ ಯೀಸ್ಟ್ ಸತ್ತಿರಬಹುದು. ಪಾವ್ ಮಾಡುವ ಬೇಕರಿಯಿಂದ ತಂದದ್ದಾದರೂ ಸರಿ, ಪೊಟ್ಟಣದ್ದಾದರೂ ಸರಿ, ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಕಾಲು ಗಂಟೆಯೊಳಗೆ ನೊರೆ ಕಟ್ಟದಿದ್ದರೆ ಅದನ್ನು ಬಿಡಬೇಕು. ನೊರೆ ಬಂದೂ ಎಲ್ಲ ನೀಲಿಯಾದರೆ ಮೆಥಿಲೀನ್ ಬ್ಲೂ ಹೆಚ್ಚಾಗಿದೆ ಅಥವಾ ಸ್ಲೈಡ್ ಬಹಳ ಹೊತ್ತು ಕಾದಿದೆ, ಬಣ್ಣವೇ ಕೋಶಕ್ಕೆ ವಿಷವಾಗಿದೆ. ಆದರೆ ಪ್ರಯೋಗ ಸರಿಯಾಗಿ ಬಂದಾಗಲೂ ತೀರ್ಮಾನ ತಪ್ಪಾಗಿ ಬರೆಯುವುದು ವಾಡಿಕೆ. ಜೀವಂತ ಪೊರೆ ಬಣ್ಣವನ್ನು ಹೊರಗೇ ತಡೆದದ್ದರಿಂದ ಕೋಶ ಬಿಳಿಯಾಗಿ ಉಳಿಯಿತು ಎನ್ನುವುದು ಪೂರ್ತಿ ಸರಿಯಲ್ಲ. ಒಳಬಂದ ಮೆಥಿಲೀನ್ ಬ್ಲೂವನ್ನು ಬದುಕಿರುವ ಕೋಶದ ಕಿಣ್ವಗಳು ಅಪಕರ್ಷಿಸಿ ಬಣ್ಣವಿಲ್ಲದಂತೆ ಮಾಡುತ್ತವೆ. ಹಾಗಾಗಿ ಇದು ಪೊರೆಯ ವ್ಯಾಪ್ಯತೆಯನ್ನು, ಎಂದರೆ ಅದು ವಸ್ತುಗಳನ್ನು ಎಷ್ಟು ದಾಟಲು ಬಿಡುತ್ತದೆ ಎಂಬುದನ್ನು, ಅಳೆಯುವ ಪರೀಕ್ಷೆಯಲ್ಲ, ಕೋಶ ಬದುಕಿದೆಯೇ ಎಂಬುದರ ಪರೀಕ್ಷೆ. ಜರ್ನಲ್‌ನಲ್ಲಿಯೂ ಅದೇ ಶೀರ್ಷಿಕೆಯಡಿ ಬರೆಸಬೇಕು.